ಆಧಾರ್ ಸಂಖ್ಯೆಯೂ ದುಡಿದ ಬೆರಳೂ

ಆಧಾರ್ ಎಂಬ 12 ಅಂಕಿಗಳ ಗುರುತಿನ ಸಂಖ್ಯೆಯು ಮೊಟ್ಟಮೊದಲು 2010ನೆಯ ಇಸವಿ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಕೊಡಲ್ಪಟ್ಟಿತು. ಹಸುಗೂಸು ಮೊದಲ್ಗೊಂಡು ವೃದ್ಧರವರೆಗೆ ಸಕಲರಿಗೂ ಇದುಂಟು. 5 ವರ್ಷದೊಳಗಿನ ಮಕ್ಕಳ ಬೆರಳಚ್ಚನ್ನು ತೆಗೆಯುವುದಿಲ್ಲ. 5 ತುಂಬಿದಾಗ ಒಮ್ಮೆ, 15 ತುಂಬಿದಾಗ ಮತ್ತೊಮ್ಮೆ ಕೊಡಿಸತಕ್ಕದ್ದು. ಇದು ಪೌರತ್ವಕ್ಕೆ ರುಜುವಾತಲ್ಲವೆಂದು 2016ರ ಕಾಯಿದೆಯೇ ಹೇಳುತ್ತದೆ.

ತೊಂದರೆಯಿರುವುದು ಬೆರಳಿನಲ್ಲಿ. ಗುದ್ದಲಿ ಕುಡುಗೋಲುಗಳನ್ನು ಹಿಡಿದು ಸವೆದ ಗೆರೆಗಳನ್ನು ಯಂತ್ರವು ಗ್ರಹಿಸದೆ, ಕೂಲಿಯಾಳು ಪಡಿತರದಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದುಂಟು. ದುಡಿಮೆಯ ಗುರುತೇ ದುಡಿದವನ ಅನ್ನಕ್ಕೆ ಅಡ್ಡಬರುವುದು ವಿಪರೀತವೇ ಸರಿ! ಅಂಥವರನ್ನು ಕಣ್ಣುಪಾಪೆಯಿಂದಾಗಲಿ, ಮೊಬೈಲಿಗೆ ಬರುವ ಗುಪ್ತಸಂಖ್ಯೆಯಿಂದಾಗಲಿ ಗುರುತಿಸುವ ಏರ್ಪಾಡು ಇದೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಆಳುಕಾಳುಗಳ ಮೊಬೈಲ್ ಸಂಖ್ಯೆಯು ಆಧಾರಿಗೆ ಸೇರಿದೆಯೇ ಎಂದು ಮುಂಗಾರು ಬಿತ್ತನೆಗೆ ಮುಂಚೆಯೇ ವಿಚಾರಿಸಿ, ಸೇರದಿದ್ದವರನ್ನು ಒಂದು ದಿನದ ಕೂಲಿ ಕೊಟ್ಟಾದರೂ ನೋಂದಣಿ ಕೇಂದ್ರಕ್ಕೆ ಕಳುಹಿಸತಕ್ಕದ್ದು.