ಡಾಲ್ಫಿನ್ನುಗಳನ್ನು ನೋಡಹೋಗುವ ಮುನ್ನ

ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ರಾಜೇಶ್ವರ ಗ್ರಾಮವು ಕಡಲಿನಿಂದ ಬಹುದೂರದ ಊರು. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ ಅದು ನೆಲೆಸಿದೆ. ನೇರ ಗೆರೆಯೆಳೆದು ಅಳೆದರೂ ಪಡುಗಡಲ ದಡ ಅಲ್ಲಿಂದ ಸುಮಾರು 400 ಕಿಲೋಮೀಟರಿನಷ್ಟು ದೂರವಾಗುತ್ತದೆ. ಆ ನೆಲಕ್ಕೆ ಮುಂಗಾರು ಮಳೆಯನ್ನು ಹೊತ್ತು ತರುವುದು ಮುಖ್ಯವಾಗಿ ಅರಬ್ಬಿ ಸಮುದ್ರದ ಗಾಳಿ. ಆದರೆ ಬಿದ್ದ ನೀರು ಗೋದಾವರಿ, ಕೃಷ್ಣೆಗಳ ದಾರಿ ಹಿಡಿದು ಸೇರುವುದು ಬಂಗಾಳ ಕೊಲ್ಲಿಯನ್ನು. ತೊಗರಿ, ಜೋಳ, ಕಬ್ಬುಗಳ ನಡುವೆ ಬೆಳೆದ ಅಲ್ಲಿಯ ಮಕ್ಕಳಿಗೆ ಸಮುದ್ರವೆಂದರೆ ಭೂಪಟದಲ್ಲಿ ಬಳಿದ ನೀಲಿ ಬಣ್ಣ ಮಾತ್ರ.

ಇಂತಹ ಊರಿನ ಕುಟುಂಬವೊಂದು ರಜೆಯಲ್ಲಿ ಕಾರವಾರಕ್ಕೋ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೊರಟಿತೆಂದರೆ, ಆ ಪ್ರವಾಸದ ಆಸೆಗಳಲ್ಲಿ ದೋಣಿಯೇರಿ ಡಾಲ್ಫಿನ್ನುಗಳನ್ನು ನೋಡುವುದೂ ಒಂದಾಗಿರುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಕುಳಿತು, ನೀರಿನಿಂದ ಮೇಲೆದ್ದು ಮುಳುಗುವ ಬೂದುಬಣ್ಣದ ಬೆನ್ನೊಂದನ್ನು ಕಂಡು ಹಿಗ್ಗುತ್ತಾರೆ. ಆ ಹಿಗ್ಗು ಸಹಜವಾದದ್ದು, ಒಳ್ಳೆಯದೂ ಹೌದು. ಆದರೆ ನಾವು ಕಂಡದ್ದು ಎಂತಹ ಪ್ರಾಣಿಯನ್ನು? ನಾವು ಅದನ್ನು ನೋಡಹೋಗುವುದರಿಂದ ಅದಕ್ಕೇನಾಗುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದು ದೋಣಿಯೇರಿದವನ ಸಂತೋಷ ಇಮ್ಮಡಿಯಾಗುವುದು. ಪ್ರಾಣಿಗೂ ಅದರಿಂದ ಉಪಕಾರವಾಗುವುದು.

ಮೀನಲ್ಲದ ಜಲಚರ

ಡಾಲ್ಫಿನ್ನು ಮೀನಿನ ಆಕಾರವನ್ನು ತಳೆದಿದ್ದರೂ ಮೀನಲ್ಲ. ಅದು ಆಕಳಂತೆ, ಆನೆಯಂತೆ, ನಮ್ಮಂತೆ ಒಂದು ಸಸ್ತನಿ. ಅದರ ರಕ್ತ ಬಿಸಿ. ಚರ್ಮದಡಿಯ ದಪ್ಪ ಕೊಬ್ಬಿನ ಪದರವು ದೇಹದ ಶಾಖವನ್ನು ಕಾಯುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹೆತ್ತು, ನೀರಿನೊಳಗೇ ಹಾಲೂಡಿಸುತ್ತದೆ. ಬಾಲದಿಂದಲೇ ಈ ಭೇದವನ್ನು ಗುರುತಿಸಬಹುದು. ಮೀನಿನ ಬಾಲದ ರೆಕ್ಕೆ ಲಂಬವಾಗಿ ನಿಂತಿದ್ದು ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್ನಿನದು ಅಡ್ಡವಾಗಿ ಹರಡಿಕೊಂಡು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಓಡುವ ಕುದುರೆಯ ಬೆನ್ನು ಹೇಗೆ ಮೇಲೆ ಕೆಳಗೆ ಬಾಗುವುದೋ ಹಾಗೆಯೇ ಇದರ ಬೆನ್ನೂ ಬಾಗುತ್ತದೆ.

ಈ ಹೋಲಿಕೆ ಆಕಸ್ಮಿಕವಲ್ಲ. ಡಾಲ್ಫಿನ್ನುಗಳ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಡೆದವರು. ರಾಜೇಶ್ವರದ ಸುತ್ತಣ ನೆಲದಡಿಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಹೆಪ್ಪುಗಟ್ಟಿ ಆದದ್ದು. ಆ ಕಾಲದಲ್ಲಿ ಜಗತ್ತಿನ ಯಾವ ಕಡಲಿನಲ್ಲಿಯೂ ಡಾಲ್ಫಿನ್ನಾಗಲಿ ತಿಮಿಂಗಿಲವಾಗಲಿ ಇರಲಿಲ್ಲ. ಅವುಗಳ ವಂಶದ ಕಥೆ ಆರಂಭವಾದದ್ದು ಆ ಬಳಿಕ, ಅದೂ ನಮ್ಮ ಉಪಖಂಡದ ಅಂಚಿನಲ್ಲಿ. ಜಮ್ಮು ಪ್ರಾಂತದ ಕಾಲಾಕೋಟಿನ ಬಳಿ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಅವರು ಸಂಗ್ರಹಿಸಿದ್ದ ಕಲ್ಲುಗಳಲ್ಲಿ, ಸುಮಾರು 4.8 ಕೋಟಿ ವರ್ಷ ಹಿಂದಿನ, ಪುಟ್ಟ ಜಿಂಕೆಯಂತಹ ಪ್ರಾಣಿಯೊಂದರ ಅವಶೇಷಗಳಿದ್ದವು. ‘ಇಂಡೋಹೈಯಸ್’ ಎಂಬ ಈ ಪ್ರಾಣಿಯ ಕಿವಿಯ ಎಲುಬಿನ ರಚನೆ ತಿಮಿಂಗಿಲಗಳದನ್ನು ಹೋಲುತ್ತದೆಂದು ಜೆ. ಜಿ. ಎಂ. ಥ್ಯೂಯಿಸೆನ್ ಮತ್ತು ಅವರ ಸಂಗಡಿಗರು 2007ರಲ್ಲಿ ತೋರಿಸಿಕೊಟ್ಟರು. ಇಂದು ಬದುಕಿರುವ ನೆಲದ ಪ್ರಾಣಿಗಳಲ್ಲಿ ಈ ವಂಶಕ್ಕೆ ತೀರ ಹತ್ತಿರದ ನಂಟು ನೀರಾನೆಯದು.

ನೆಲವನ್ನು ಬಿಟ್ಟು ನೀರಿಗಿಳಿದರೂ ಈ ಪ್ರಾಣಿಗಳು ಒಂದು ಋಣವನ್ನು ಕಳೆದುಕೊಳ್ಳಲಿಲ್ಲ. ಅವಕ್ಕೆ ಕಿವಿರಿಲ್ಲ, ಶ್ವಾಸಕೋಶವುಂಟು. ನೆತ್ತಿಯ ಮೇಲಿರುವ ಒಂದೇ ಮೂಗಿನ ರಂಧ್ರವನ್ನು ನೀರಿನಿಂದ ಹೊರಗೆತ್ತಿ, ಕ್ಷಣಾರ್ಧದಲ್ಲಿ ಹಳೆಯ ಗಾಳಿಯನ್ನು ಊದಿ ಹೊಸ ಗಾಳಿಯನ್ನು ಎಳೆದುಕೊಳ್ಳಬೇಕು. ನಾವು ಸಾಮಾನ್ಯ ಉಸಿರೊಂದರಲ್ಲಿ ಶ್ವಾಸಕೋಶದ ಗಾಳಿಯ ಅಲ್ಪ ಭಾಗವನ್ನಷ್ಟೆ ಬದಲಾಯಿಸಿದರೆ, ಡಾಲ್ಫಿನ್ನು ಶೇಕಡ 80ಕ್ಕೂ ಹೆಚ್ಚು ಬದಲಾಯಿಸಬಲ್ಲದು. ದೋಣಿಯಲ್ಲಿ ಕುಳಿತ ನಾವು ‘ಡಾಲ್ಫಿನ್ನಿನ ಆಟ’ ಎಂದು ಕರೆಯುವುದು ಹೆಚ್ಚಿನ ಸಲ ಆಟವಲ್ಲ, ಅದು ಉಸಿರಾಟ. ಈ ಉಸಿರು ನಮ್ಮದರಂತೆ ತಾನಾಗಿ ನಡೆಯುವುದೂ ಅಲ್ಲ. ಪ್ರತಿ ಉಸಿರನ್ನೂ ಅದು ಎಚ್ಚರವಿದ್ದು ಎಳೆಯಬೇಕು. ಆದುದರಿಂದ ಅದು ಮಿದುಳಿನ ಒಂದು ಪಾರ್ಶ್ವವನ್ನು ಮಲಗಿಸಿ, ಇನ್ನೊಂದನ್ನು ಎಚ್ಚರವಾಗಿರಿಸಿಕೊಂಡು, ಸರದಿಯ ಮೇಲೆ ನಿದ್ರಿಸುತ್ತದೆ.

ನಮ್ಮ ತೀರದ ಡಾಲ್ಫಿನ್ನುಗಳು

ಕರ್ನಾಟಕದ ಕರಾವಳಿಯಲ್ಲಿ ದಡಕ್ಕೆ ಹತ್ತಿರ ಹೋಗುವ ದೋಣಿಗಳಿಗೆ ಸಾಮಾನ್ಯವಾಗಿ ಕಾಣಸಿಗುವುದು ಗೂನುಬೆನ್ನಿನ ಡಾಲ್ಫಿನ್ನು. ಇದರ ಬೆನ್ನಿನ ನಡುವೆ ಉದ್ದನೆಯ ಉಬ್ಬೊಂದಿದ್ದು, ಆ ಉಬ್ಬಿನ ಮೇಲೆ ಚಿಕ್ಕ ರೆಕ್ಕೆ ಕುಳಿತಿರುತ್ತದೆ. ಮೂತಿ ಉದ್ದ, ಬಣ್ಣ ಸೀಸದಂತಹ ಬೂದಿ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೇ 1829ರಲ್ಲಿ ಇದನ್ನು ವರ್ಣಿಸಿದ್ದು ಮಲಬಾರ್ ತೀರದ ಪ್ರಾಣಿಯ ಆಧಾರದಿಂದಲೇ. ‘ಸೂಸ ಪ್ಲಂಬಿಯ’ ಎಂಬ ಶಾಸ್ತ್ರೀಯ ನಾಮದ ಎರಡನೆಯ ಪದಕ್ಕೆ ಸೀಸದ ಬಣ್ಣದ್ದು ಎಂದರ್ಥ. ಬೆಳೆದ ಪ್ರಾಣಿ ಎರಡೂವರೆ ಮೀಟರಿನಷ್ಟು ಉದ್ದವಾಗಿ, ಇನ್ನೂರು ಕಿಲೋಗ್ರಾಮಿಗೂ ಮೀರಿ ತೂಗಬಹುದು.

ಇದರ ಜೀವನದ ಮುಖ್ಯ ಲಕ್ಷಣವೆಂದರೆ ದಡದ ಮೋಹ. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ನದಿಗಳ ಅಳಿವೆಗಳ ಸಮೀಪದಲ್ಲಿ, ಸಣ್ಣ ಗುಂಪುಗಳಲ್ಲಿ ಇದು ಮೀನು ಹಿಡಿದು ಬದುಕುತ್ತದೆ. ಕಾಳೀ ನದಿ ಕಡಲನ್ನು ಕೂಡುವ ಕಾರವಾರದ ಕೊಲ್ಲಿ, ದೇವಬಾಗ, ಕೂರ್ಮಗಡ ದ್ವೀಪದ ಆಸುಪಾಸು, ಅಘನಾಶಿನಿಯ ಅಳಿವೆಯಿರುವ ತದಡಿ, ಗೋಕರ್ಣದ ಓಂ ಕಡಲತೀರದ ಮುಂದಿನ ನೀರು, ಇವೆಲ್ಲ ಇಂತಹ ಪ್ರಾಣಿಗೆ ಒಪ್ಪುವ ತಾಣಗಳು. ನದಿಗಳು ತರುವ ಆಹಾರಾಂಶಗಳಿಂದ ಅಲ್ಲಿ ಮೀನು ಹೆಚ್ಚುತ್ತದೆ. ಮೀನಿದ್ದಲ್ಲಿ ಡಾಲ್ಫಿನ್ನು ಇರುತ್ತದೆ. ಇದೇ ತೀರದಲ್ಲಿ ಬೆನ್ನಿನ ರೆಕ್ಕೆಯೇ ಇಲ್ಲದ, ನಾಚಿಕೆಯ ಸ್ವಭಾವದ ಕಡಲಹಂದಿಯೂ ಉಂಟು. ಅದು ಸದ್ದಿಲ್ಲದೆ ಎದ್ದು ಮುಳುಗುವುದರಿಂದ ಪ್ರವಾಸಿಗಳ ಕಣ್ಣಿಗೆ ಬೀಳುವುದು ವಿರಳ. ನೀರಿನಿಂದ ಪೂರ್ತಿ ಮೇಲಕ್ಕೆ ಚಿಮ್ಮಿ ಗಿರಿಗಿರಿ ಸುತ್ತುವ ಇನ್ನೊಂದು ಜಾತಿಯ ಡಾಲ್ಫಿನ್ನುಗಳು ಇರುವುದು ದಡದಿಂದ ದೂರದ ಆಳದ ನೀರಿನಲ್ಲಿ. ಚಿತ್ರಗಳಲ್ಲಿ ಕಂಡ ಅಂತಹ ನೆಗೆತವನ್ನು ದಡದ ಬಳಿ ನಿರೀಕ್ಷಿಸಿ ಹೋದವರಿಗೆ ನಿರಾಶೆಯಾದೀತು. ಗೂನುಬೆನ್ನಿನ ಡಾಲ್ಫಿನ್ನು ಬಹುಮಟ್ಟಿಗೆ ಮೂತಿಯನ್ನೂ ಬೆನ್ನನ್ನೂ ತೋರಿಸಿ ಮುಳುಗುವ ಗಂಭೀರ ಪ್ರಾಣಿ.

ದಡದ ಮೋಹವೇ ಇದಕ್ಕೆ ಮುಳುವಾಗಿದೆ. ಬಂದರು, ಹಡಗು, ಬಲೆ, ಕೊಳಚೆ, ಪ್ರವಾಸಿ ದೋಣಿ, ಮನುಷ್ಯನ ಎಲ್ಲ ವ್ಯವಹಾರಗಳೂ ಅದೇ ಕಿರಿದಾದ ಪಟ್ಟಿಯಲ್ಲಿ ನಡೆಯುತ್ತವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಜಾತಿಯನ್ನು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಮೀನಿಗೆಂದು ಹರವಿದ ನವಿರು ನೂಲಿನ ಬಲೆ. ಮೀನು ನೀರಿನಿಂದ ಹೊರಗೆ ಬಂದರೆ ಸಾಯುತ್ತದೆ; ಬಲೆಯಲ್ಲಿ ಸಿಕ್ಕಿದ ಡಾಲ್ಫಿನ್ನು ಮೇಲೇರಿ ಉಸಿರಾಡಲಾರದೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷ ಗರ್ಭ ಧರಿಸಿ ಒಂದೇ ಮರಿಯನ್ನು ಹೆರುತ್ತದೆ. ಅದನ್ನು ಸಾಕಿ ಮುಂದಿನ ಮರಿಗೆ ಅಣಿಯಾಗಲು ವರ್ಷಗಳೇ ಬೇಕು. ಇಷ್ಟು ನಿಧಾನವಾಗಿ ಹೆಚ್ಚುವ ಸಂತತಿಯಲ್ಲಿ ಕೆಲವೇ ಸಾವುಗಳೂ ದೊಡ್ಡ ನಷ್ಟವೇ ಸರಿ.

ಕಿವಿಯಿಂದ ಕಾಣುವ ಪ್ರಾಣಿ

ಅಳಿವೆಯ ನೀರು ಸಾಮಾನ್ಯವಾಗಿ ಕದಡಿರುತ್ತದೆ. ಅಂತಹ ನೀರಿನಲ್ಲಿ ಕಣ್ಣಿನ ಉಪಯೋಗ ಅಲ್ಪ. ಡಾಲ್ಫಿನ್ನು ಆದಕಾರಣ ಶಬ್ದದಿಂದ ನೋಡುತ್ತದೆ. ಮೂಗಿನ ನಾಳದಲ್ಲಿ ಹುಟ್ಟಿಸಿದ ಅತಿ ಕ್ಷಿಪ್ರವಾದ ಟಿಕ್ ಟಿಕ್ ಸದ್ದುಗಳನ್ನು ಹಣೆಯಲ್ಲಿರುವ ಕೊಬ್ಬಿನ ಉಂಡೆಯು ಮಸೂರವು ಬೆಳಕನ್ನು ಕೂಡಿಸುವಂತೆ ಕೂಡಿಸಿ ಮುಂದಕ್ಕೆ ಕಳುಹಿಸುತ್ತದೆ. ಎದುರಿನ ಮೀನಿಗೆ ಬಡಿದು ಮರಳಿದ ಪ್ರತಿಧ್ವನಿಯನ್ನು ಕೆಳದವಡೆಯ ಕೊಬ್ಬು ಒಳಕಿವಿಗೆ ಮುಟ್ಟಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದ ಕಡಲ ನೀರಿನಲ್ಲಿ ಸುಮಾರು 1,500 ಮೀಟರು ಸಾಗುವುದರಿಂದ ಉತ್ತರ ಬೇಗನೆ ಬರುತ್ತದೆ. ಮೀನು ಎಷ್ಟು ದೂರದಲ್ಲಿದೆ, ಯಾವ ದಿಕ್ಕಿಗೆ ಚಲಿಸುತ್ತಿದೆ, ಎಷ್ಟು ದೊಡ್ಡದು, ಇವೆಲ್ಲವೂ ಆ ಪ್ರತಿಧ್ವನಿಯಿಂದ ತಿಳಿಯುತ್ತವೆ.

ಇದಲ್ಲದೆ ಅವು ಸಿಳ್ಳಿನಂತಹ ಸದ್ದುಗಳಿಂದ ಒಂದನ್ನೊಂದು ಕರೆಯುತ್ತವೆ. ಸೀಸೆಮೂತಿಯ ಡಾಲ್ಫಿನ್ನುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಸಿಳ್ಳಿದೆಯೆಂದು ಅಮೆರಿಕದ ಕಾಲ್ಡ್‌ವೆಲ್ ದಂಪತಿಗಳು 1965ರಲ್ಲಿ ಪ್ರಕಟಿಸಿದರು. ತಾಯಿಯೂ ಮರಿಯೂ ಬೇರೆಯಾದಾಗ ಈ ಸಿಳ್ಳೇ ಅವನ್ನು ಕೂಡಿಸುವ ದಾರ. ಇಂತಹ ನೀರಿನಲ್ಲಿ ಐದಾರು ಯಂತ್ರದೋಣಿಗಳು ಒಮ್ಮೆಲೆ ಗರ್ಜಿಸಿದರೆ ಏನಾದೀತೆಂದು ವಾಚಕರು ಊಹಿಸಿಕೊಳ್ಳಬಹುದು. ಸಂತೆಯ ಗದ್ದಲದಲ್ಲಿ ಮಗುವಿನ ಕೂಗು ತಾಯಿಗೆ ಕೇಳದಂತಾಗುತ್ತದೆ.

ಯಾವಾಗ, ಹೇಗೆ ನೋಡಬೇಕು

ಮುಂಗಾರಿನ ತಿಂಗಳುಗಳಲ್ಲಿ ಕಡಲು ಕೆರಳಿರುವುದರಿಂದ ವಿಹಾರದ ದೋಣಿಗಳು ನಿಲ್ಲುತ್ತವೆ. ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಬೇಸಗೆಯ ವರೆಗೆ ನೋಡಲು ತಕ್ಕ ಕಾಲ. ದಿನದಲ್ಲಿ ಬೆಳಗಿನ ಹೊತ್ತೇ ಮೇಲು. ರಾತ್ರಿ ನೆಲವು ನೀರಿಗಿಂತ ಬೇಗ ತಣಿಯುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ದಡದ ಬಳಿ ನೀರು ಶಾಂತವಾಗಿರುತ್ತದೆ. ಹೊತ್ತೇರಿದಂತೆ ನೆಲ ಕಾದು, ಮಧ್ಯಾಹ್ನದ ಬಳಿಕ ಕಡಲ ಗಾಳಿ ಬಲವಾಗಿ, ಅಲೆಗಳ ಬಿಳಿಯ ನೊರೆಯಲ್ಲಿ ಬೂದು ಬೆನ್ನು ಗುರುತೇ ಸಿಗದು.

ಒಂದೇ ಕಡೆ ದಿಟ್ಟಿಸದೆ ನೀರಿನ ಮೇಲೆ ಕಣ್ಣನ್ನು ನಿಧಾನವಾಗಿ ಹಾಯಿಸಬೇಕು. ರೀವ, ಗರುಡ ಮುಂತಾದ ಹಕ್ಕಿಗಳು ಒಂದೆಡೆ ಕವಿದು ಎರಗುತ್ತಿದ್ದರೆ ಅಲ್ಲಿ ಮೀನಿನ ಹಿಂಡಿದೆ; ಡಾಲ್ಫಿನ್ನೂ ಇದ್ದೀತು. ಒಮ್ಮೆ ಮುಳುಗಿದ ಪ್ರಾಣಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮತ್ತೆ ಏಳುತ್ತದೆ. ಕೆಲವೊಮ್ಮೆ ಕೆಲವು ನಿಮಿಷ ಕಾಯಬೇಕಾದೀತು. ತಾಳ್ಮೆಯೇ ಇಲ್ಲಿ ದುರ್ಬೀನು.

ಮೊದಲ ಸಲ ಕಡಲಿಗಿಳಿದ ಒಳನಾಡಿನವರಿಗೆ ತಲೆಸುತ್ತು, ವಾಂತಿ ಬರುವುದುಂಟು. ದೇಹ ತೂಗುತ್ತಿದೆಯೆಂದು ಒಳಕಿವಿ ಹೇಳಿದರೆ, ದೋಣಿಯೊಳಗಣ ವಸ್ತುಗಳನ್ನು ನೋಡುತ್ತಿರುವ ಕಣ್ಣು ಎಲ್ಲ ಸ್ಥಿರವಾಗಿದೆಯೆಂದು ಹೇಳುತ್ತದೆ. ಈ ವಿರುದ್ಧ ಸಾಕ್ಷಿಗಳಿಂದ ಮಿದುಳು ಕಂಗೆಡುತ್ತದೆ. ದೂರದ ದಿಗಂತವನ್ನು ನೋಡುತ್ತ, ದೋಣಿಯ ನಡುಭಾಗದಲ್ಲಿ ಕುಳಿತರೆ ಬಾಧೆ ತಗ್ಗುತ್ತದೆ. ಲಘುವಾದ ಉಪಾಹಾರ ಒಳ್ಳೆಯದು. ಈಜು ಬಲ್ಲವರೂ, ಮುಖ್ಯವಾಗಿ ಮಕ್ಕಳೂ, ತೇಲುವ ರಕ್ಷಾಕವಚವನ್ನು ಸರಿಯಾಗಿ ಬಿಗಿದುಕೊಳ್ಳದೆ ದೋಣಿಯೇರತಕ್ಕದ್ದಲ್ಲ.

ಬೆನ್ನಟ್ಟಿದರೆ ಆಗುವುದೇನು?

ಹಣ ತೆತ್ತ ಪ್ರಯಾಣಿಕನಿಗೆ ಹತ್ತಿರದಿಂದ ನೋಡುವ ಆತುರ. ಅವನನ್ನು ತೃಪ್ತಿಪಡಿಸುವ ಆತುರ ದೋಣಿಯವನಿಗೆ. ಒಂದು ಬೆನ್ನು ಕಂಡೊಡನೆ ನಾಲ್ಕಾರು ದೋಣಿಗಳು ಧಾವಿಸಿ ಸುತ್ತುವರಿದರೆ, ಗುಂಪು ಮೀನು ಹಿಡಿಯುವುದನ್ನೋ ವಿಶ್ರಾಂತಿಯನ್ನೋ ಮರಿಗೆ ಹಾಲೂಡಿಸುವುದನ್ನೋ ಬಿಟ್ಟು ದೂರ ಸರಿಯುತ್ತದೆ. ಒಂದು ಸಲ ಹೀಗಾದರೆ ನಷ್ಟ ಸ್ವಲ್ಪ. ರಜೆಯ ದಿನಗಳಲ್ಲಿ ಬೆಳಗಿನಿಂದ ಸಂಜೆಯ ವರೆಗೆ ಪುನಃ ಪುನಃ ಹೀಗಾದರೆ? ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಡಾಲ್ಫಿನ್ನು ತೋರಿಸುವ ಉದ್ಯಮಿಗಳ ಸಂಖ್ಯೆ ಒಂದರಿಂದ ಎರಡಕ್ಕೆ ಏರಿದಾಗ, ಆ ಪ್ರದೇಶದ ಡಾಲ್ಫಿನ್ನುಗಳು ಸರಾಸರಿ ಏಳಕ್ಕೆ ಒಂದರಂತೆ ಕಡಿಮೆಯಾದವು. ದೋಣಿಗಳು ಬಾರದ ಪಕ್ಕದ ಪ್ರದೇಶದಲ್ಲಿ ಅಂತಹ ಇಳಿತ ಕಾಣಲಿಲ್ಲ. ನೋಡಹೋದವರಿಂದಲೇ ನೋಡಬೇಕಾದದ್ದು ಬರಿದಾಗುವ ವಿಪರ್ಯಾಸವಿದು. ಪ್ರಾಣಿ ಹೋದರೆ ಅದನ್ನು ನಂಬಿದ ದೋಣಿಯವನ ಜೀವನವೂ ಹೋಗುತ್ತದೆ.

ಡಾಲ್ಫಿನ್ನಿನ ಮುಖದ ‘ನಗೆ’ಯನ್ನು ಕಂಡು ಅದು ನಮ್ಮನ್ನು ಸ್ವಾಗತಿಸುತ್ತಿದೆಯೆಂದು ತಿಳಿಯಲಾಗದು. ಅದು ದವಡೆಯ ರಚನೆಯಷ್ಟೆ. ನೋವಿನಲ್ಲಿಯೂ ಹೆದರಿಕೆಯಲ್ಲಿಯೂ ಆ ಮುಖ ಹಾಗೆಯೇ ಇರುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಡಾಲ್ಫಿನ್ನುಗಳಿಗೆ ಸ್ಥಾನವಿದೆ. ಆ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದೊಂದೇ ಅಲ್ಲ. ಅಟ್ಟುವುದೂ ಆಮಿಷವೊಡ್ಡುವುದೂ ಅದರ ಅರ್ಥದೊಳಗೆ ಸೇರಿವೆ. ಡಾಲ್ಫಿನ್ನುಗಳನ್ನು ಕೊಳಗಳಲ್ಲಿ ಕೂಡಿಹಾಕಿ ಆಟವಾಡಿಸುವುದಕ್ಕೆ 2013ರಲ್ಲಿ ಕೇಂದ್ರ ಸರಕಾರ ಅನುಮತಿ ನಿರಾಕರಿಸಿತು. ಆದುದರಿಂದ ನಮ್ಮಲ್ಲಿ ಈ ಪ್ರಾಣಿಯನ್ನು ನೋಡಬೇಕಾದವರು ಅದರ ಮನೆಗೇ, ಅದರ ಅತಿಥಿಗಳಾಗಿಯೇ ಹೋಗಬೇಕು.

ಅತಿಥಿಯ ನಡತೆ ಕಷ್ಟದ್ದಲ್ಲ. ದೋಣಿ ದೂರದಿಂದಲೇ ವೇಗವನ್ನು ತಗ್ಗಿಸಬೇಕು. ಗುಂಪಿನ ಎದುರಿನಿಂದಾಗಲಿ ಬೆನ್ನ ಹಿಂದಿನಿಂದಾಗಲಿ ಹೋಗದೆ, ಪಕ್ಕದಲ್ಲಿ ಅಂತರವಿಟ್ಟು ಅದು ಸಾಗುವ ದಿಕ್ಕಿಗೇ ಸಾಗಬೇಕು. ನಡುವೆ ನುಗ್ಗಿ ಗುಂಪನ್ನು ಒಡೆಯಬಾರದು. ಮರಿಯಿರುವ ಗುಂಪನ್ನು ಬೇಗನೆ ಬಿಟ್ಟುಬಿಡಬೇಕು. ಬೇರೆ ದೋಣಿಗಳು ಮೊದಲೇ ನಿಂತಿದ್ದರೆ ಸರದಿ ಕಾಯಬೇಕು. ತಿನಿಸೆಸೆಯುವುದು, ಕೂಗಿ ಚಪ್ಪಾಳೆ ತಟ್ಟುವುದು, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಬಿಡುವುದು ಸಲ್ಲದು. ತಾವಾಗಿ ದೋಣಿಯ ಬಳಿಗೆ ಬಂದರೆ ಅದು ನಮ್ಮ ಭಾಗ್ಯ. ಬಾರದಿದ್ದರೆ ಅದು ಅವುಗಳ ಇಷ್ಟ.

ದೋಣಿಯ ಚುಕ್ಕಾಣಿ ನಾವಿಕನ ಕೈಯಲ್ಲಿದ್ದರೂ ಅದನ್ನು ತಿರುಗಿಸುವುದು ಬಹುಮಟ್ಟಿಗೆ ಪ್ರಯಾಣಿಕರ ಮಾತು. “ಇನ್ನೂ ಹತ್ತಿರ ಹೋಗಿ” ಎಂಬ ಒತ್ತಾಯವಿಲ್ಲದಿದ್ದರೆ ಬೆನ್ನಟ್ಟುವ ಅಗತ್ಯ ಅವನಿಗಿಲ್ಲ. “ಇಲ್ಲಿಯೇ ನಿಲ್ಲಿಸಿರಣ್ಣ, ಕಾಯೋಣ” ಎಂದು ಕುಟುಂಬದ ಹಿರಿಯರೊಬ್ಬರು ಹೇಳಿದರೆ ಸಾಕು; ಯಂತ್ರದ ಸದ್ದಡಗಿ, ನಿಶ್ಶಬ್ದವಾದ ನೀರಿನ ಮೇಲೆ ಡಾಲ್ಫಿನ್ನಿನ ಉಸಿರು ‘ಫುಸ್’ ಎಂದು ಮಕ್ಕಳ ಕಿವಿಗೆ ಕೇಳಿಸೀತು.