ಚೀಸ್‌ನ ಕೆಲಸವನ್ನು ಹಂಚಿಕೊಂಡ ಪಾಸ್ತಾ

ಬೇಯಿಸಿದ ಪಾಸ್ತಾವನ್ನು ಸಾಸ್‌ನೊಂದಿಗೆ ಕಲಸಿ, ಅಗಲವಾದ ಪಾತ್ರೆಯಲ್ಲಿ ಹರಡಿ, ಓವನ್‌ನಲ್ಲಿ ಮತ್ತೊಮ್ಮೆ ಬೇಯಿಸುವ ಅಡುಗೆಯನ್ನು ಇಟಲಿಯಲ್ಲಿ ‘ಪಾಸ್ತಾ ಅಲ್ ಫೋರ್ನೊ’ ಎನ್ನುತ್ತಾರೆ. ಆ ದೇಶದ ದಕ್ಷಿಣ ಭಾಗದಲ್ಲಿ ಇದು ಭಾನುವಾರದ ಮತ್ತು ಹಬ್ಬದ ದಿನಗಳ ಮನೆಮಂದಿಯ ಊಟವಾಗಿದ್ದು, ಚೀಸ್ ಇಲ್ಲದೆ ಇದು ಆಗದು ಎಂಬುದು ಸಾಮಾನ್ಯ ನಂಬಿಕೆ. ಹಾಲು, ಬೆಣ್ಣೆಯೂ ಸೇರಿದಂತೆ ಪ್ರಾಣಿಮೂಲದ ಯಾವ ಆಹಾರವನ್ನೂ ಬಳಸದ ವೀಗನ್ ಕುಟುಂಬಗಳು ಇದನ್ನು ಮಾಡಹೊರಟಾಗ ಮೊದಲು ಹುಡುಕುವುದು ಚೀಸ್‌ನಂತೆಯೇ ಕರಗಿ ಎಳೆ ಬಿಡುವ ಬದಲಿ ಪದಾರ್ಥವನ್ನು. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇರುವ ದಾರಿಗಳಲ್ಲೆಲ್ಲ ಕಠಿಣವಾದದ್ದು ಇದೇ.

ಮೊಝರೆಲ್ಲಾ ಚೀಸ್ ಎಳೆ ಬಿಡಲು ಕಾರಣ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್. ಕೇಸೀನ್ ಅಣುಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಬೆಸೆದಿರುತ್ತದೆ. ಚೀಸ್ ತಯಾರಿಕೆಯಲ್ಲಿ ಹುಳಿ ಏರಿ ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 5.2ಕ್ಕೆ ಇಳಿದಾಗ ಈ ಕ್ಯಾಲ್ಸಿಯಂನ ಒಂದು ಪಾಲು ಕಳಚಿಕೊಳ್ಳುವುದರಿಂದ, ಬಿಸಿ ತಾಗಿದ ಪ್ರೋಟೀನ್ ಜಾಲವು ಕಡಿಯದೆ ಉದ್ದಕ್ಕೆ ಹಿಗ್ಗುತ್ತದೆ. ಕಾಳು ಬೀಜಗಳ ಪ್ರೋಟೀನುಗಳಾದರೋ ಬಹುಪಾಲು ಉಂಡೆಯಾಕಾರದ ಅಣುಗಳು. ಅವು ಕಾದಾಗ ಬಿಚ್ಚಿಕೊಂಡು ಪರಸ್ಪರ ಅಂಟಿ ಗಟ್ಟಿಯಾಗುತ್ತವೆಯೇ ಹೊರತು ಹರಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ವೀಗನ್ ಚೀಸ್‌ಗಳಲ್ಲಿ ಅನೇಕವು ಪಿಷ್ಟ ಮತ್ತು ಕೊಬ್ಬರಿ ಎಣ್ಣೆಯ ಮಿಶ್ರಣವಾಗಿರುವುದು ಈ ಕಾರಣಕ್ಕೇ. ಅವು ಮೆತ್ತಗಾದರೂ ಎಳೆಯ ವಿಷಯದಲ್ಲಿ ನಿರಾಸೆ ತರುವುದೇ ಹೆಚ್ಚು. ಎಳೆಯ ಆಸೆಯನ್ನು ಬಿಟ್ಟುಬಿಟ್ಟರೆ ಉಳಿಯುವ ಪ್ರಶ್ನೆ ಸುಲಭದ್ದು: ಚೀಸ್ ಈ ಅಡುಗೆಯಲ್ಲಿ ಮಾಡುವ ಕೆಲಸಗಳು ಯಾವುವು? ಅದು ಪಾಸ್ತಾವನ್ನು ಹಿಡಿದಿಡುತ್ತದೆ, ಊಟಕ್ಕೆ ರುಚಿಯ ಗಾಢತೆ ಕೊಡುತ್ತದೆ, ಮೇಲ್ಪದರವನ್ನು ಕೆಂಪಗೆ ಗರಿಗರಿಯಾಗಿಸುತ್ತದೆ. ಮೂರನ್ನೂ ಮಾಡಬಲ್ಲ ಒಂದೇ ಸಸ್ಯಪದಾರ್ಥ ಸಿಗದಿದ್ದರೂ, ಒಂದೊಂದನ್ನು ಚೆನ್ನಾಗಿ ಮಾಡುವ ಪದಾರ್ಥಗಳು ಮನೆಯಲ್ಲೇ ಇರುತ್ತವೆ.

ಹಿಡಿದಿಡುವ ಕೆಲಸಕ್ಕೆ ಗೋಡಂಬಿ ಯೋಗ್ಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದು ಭಾರತದ ಪಶ್ಚಿಮ ಕರಾವಳಿಯಲ್ಲಿ ನೆಟ್ಟ ಈ ಮರದ ಬೀಜದಲ್ಲಿ ತೂಕದ ಶೇ. 40ಕ್ಕೂ ಹೆಚ್ಚು ಕೊಬ್ಬಿದ್ದು, ಬಾದಾಮಿ, ಅಕ್ರೋಟುಗಳಲ್ಲಿ ತೀರ ಕಡಿಮೆಯಿರುವ ಪಿಷ್ಟವೂ ಇದರಲ್ಲಿ ಸಾಕಷ್ಟಿದೆ. ನೆನೆಸಿ ನುಣ್ಣಗೆ ರುಬ್ಬಿದಾಗ ಎಣ್ಣೆಯ ಸಣ್ಣ ಹನಿಗಳನ್ನು ಪ್ರೋಟೀನ್ ಸುತ್ತುವರಿದು ನೀರಿನಲ್ಲಿ ತೇಲಿಸಿಡುತ್ತದೆ. ಕುದಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಮಿಶ್ರಣವನ್ನು ಮಂದವಾಗಿಸುತ್ತವೆ. ಕುರ್ಮಾಕ್ಕೆ ಗೋಡಂಬಿ ಅರೆದು ಹಾಕುವವರಿಗೆ ಈ ಗುಣ ಹೊಸದಲ್ಲ. ಸೋಯಾ ಹಾಲಿಗೆ ಮೈದಾ ಸೇರಿಸಿ ಬಿಳಿ ಸಾಸ್ ಮಾಡುವುದೂ ಉಂಟು, ಆದರೆ ಅದರಲ್ಲೊಂದು ತೊಡಕಿದೆ. ಸೋಯಾ ಪ್ರೋಟೀನ್ ಪಿಎಚ್ 4.5ರ ಸುಮಾರಿಗೆ ತನ್ನ ವಿದ್ಯುದಾವೇಶವನ್ನು ಕಳೆದುಕೊಂಡು ಗಂಟುಕಟ್ಟುತ್ತದೆ, ಟೊಮೇಟೊದ ಹುಳಿಯೂ ಸರಿಸುಮಾರು ಅಷ್ಟೇ. ಎರಡನ್ನೂ ನೇರವಾಗಿ ಬೆರೆಸಿದರೆ ಸಾಸ್ ಒಡೆದು, ಕೆಂಪು ನೀರಿನಲ್ಲಿ ಬಿಳಿಯ ಚೂರುಗಳು ತೇಲತೊಡಗುತ್ತವೆ. ಮೈದಾದ ಪಿಷ್ಟ ಮೊದಲೇ ಚೆನ್ನಾಗಿ ಬೆಂದು ಮಂದವಾಗಿದ್ದರೆ ಪ್ರೋಟೀನ್ ಕಣಗಳು ಒಂದನ್ನೊಂದು ಸೇರುವುದಕ್ಕೆ ಅಡ್ಡಿಯಾಗಿ ಈ ಒಡೆಯುವಿಕೆ ತಗ್ಗುತ್ತದೆ. ಬಿಳಿ ಸಾಸನ್ನೂ ಕೆಂಪು ಸಾಸನ್ನೂ ಬೆರೆಸದೆ ಪದರ ಪದರವಾಗಿ ಹರಡುವುದು ಇನ್ನೂ ನಿಶ್ಚಿಂತೆಯ ಮಾರ್ಗ.

ರುಚಿಯ ಗಾಢತೆಯ ಮೂಲವನ್ನು 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆಡ ಕಡಲಪಾಚಿಯ ಸಾರಿನಲ್ಲಿ ಗುರುತಿಸಿ ಅದಕ್ಕೆ ‘ಉಮಾಮಿ’ ಎಂಬ ಹೆಸರಿಟ್ಟರು. ಇದನ್ನು ಕೊಡುವುದು ಪ್ರೋಟೀನಿನಿಂದ ಬಿಡುಗಡೆಯಾಗಿ ಒಂಟಿಯಾಗಿರುವ ಗ್ಲುಟಮೇಟ್ ಎಂಬ ಅಮೈನೋ ಆಮ್ಲ. ತಿಂಗಳುಗಟ್ಟಲೆ ಹದಗೊಂಡ ಪಾರ್ಮಿಜಾನೊ ಚೀಸ್‌ನ 100 ಗ್ರಾಂನಲ್ಲಿ ಇದು ಒಂದು ಗ್ರಾಂಗೂ ಹೆಚ್ಚಿರುತ್ತದೆ. ಮಾಗಿದ ಟೊಮೇಟೊದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ ಇದ್ದರೂ, ಸಾಸನ್ನು ಅರ್ಧಕ್ಕೆ ಇಳಿಯುವಂತೆ ಕುದಿಸಿದರೆ ಸಾಂದ್ರತೆ ಇಮ್ಮಡಿಯಾಗುತ್ತದೆ. ಟೊಮೇಟೊದ ಗ್ಲುಟಮೇಟ್ ಹೆಚ್ಚಾಗಿ ಸೇರಿಕೊಂಡಿರುವುದು ಬೀಜದ ಸುತ್ತಲಿನ ಲೋಳೆಯಲ್ಲಿ ಆದ್ದರಿಂದ, ಸಾಸ್ ನಯವಾಗಲೆಂದು ಬೀಜ ತೆಗೆದು ಚೆಲ್ಲುವವರು ರುಚಿಯನ್ನೇ ಚೆಲ್ಲುತ್ತಾರೆ. ಒಣಗಿಸಿದ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಸಂಯುಕ್ತ ಗ್ಲುಟಮೇಟ್ ಜೊತೆ ಸೇರಿದಾಗ ನಾಲಿಗೆಗೆ ತಿಳಿಯುವ ಉಮಾಮಿ ಎರಡರ ಮೊತ್ತವನ್ನೂ ಮೀರುತ್ತದೆ. ಟೊಮೇಟೊಗೆ ಅಣಬೆ ಕೂಡಿಸುವುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಮೂರನೆಯದಾದ ಮೇಲ್ಪದರದ ಕೆಲಸಕ್ಕೆ ದಕ್ಷಿಣ ಇಟಲಿಯ ಬಡವರು ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದರು. ಚೀಸ್ ಕೊಳ್ಳಲಾಗದ ಮನೆಗಳಲ್ಲಿ ಹಳೆಯ ಬ್ರೆಡ್ಡನ್ನು ಪುಡಿಮಾಡಿ ಆಲಿವ್ ಎಣ್ಣೆಯಲ್ಲಿ ಹುರಿದು ಪಾಸ್ತಾದ ಮೇಲೆ ಉದುರಿಸುತ್ತಿದ್ದರು. ಸಿಸಿಲಿಯಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ಪಾಸ್ತಾದ ಮೇಲೆ ಬೀಳುವ ಇದೇ ಪುಡಿಯನ್ನು ಬಡಗಿಯಾಗಿದ್ದ ಆ ಸಂತರ ಮರದ ಹೊಟ್ಟಿನ ಸಂಕೇತವೆಂದು ಭಾವಿಸುತ್ತಾರೆ. ಕೆಂಪಾಗುವಿಕೆಗೆ ಕಾರಣ 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದ ಕ್ರಿಯೆ. ಇದರಲ್ಲಿ ಅಮೈನೋ ಆಮ್ಲಗಳೂ ಕೆಲವು ಬಗೆಯ ಸಕ್ಕರೆಗಳೂ ಕೂಡಿ ನೂರಾರು ಬಗೆಯ ಪರಿಮಳ ಮತ್ತು ಬಣ್ಣದ ವಸ್ತುಗಳಾಗುತ್ತವೆ. ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆಯೇ ಇದು ಬಿರುಸಾಗುವುದರಿಂದ, ಮತ್ತು ಒದ್ದೆಯಿರುವ ಮೇಲ್ಮೈ 100 ಡಿಗ್ರಿ ದಾಟದಿರುವುದರಿಂದ, ಗೋಡಂಬಿ ಸಾಸನ್ನೇ ಮೇಲೆ ಹಚ್ಚಿದರೆ ಅದು ಬಹುಹೊತ್ತು ಬಿಳಚಿಕೊಂಡೇ ಇರುತ್ತದೆ. ಎಣ್ಣೆ ಸವರಿದ ಒಣ ಬ್ರೆಡ್ ಪುಡಿಯಾದರೆ 200 ಡಿಗ್ರಿಯ ಓವನ್‌ನಲ್ಲಿ ಬೇಗನೆ ಹೊಂಬಣ್ಣಕ್ಕೆ ತಿರುಗುತ್ತದೆ. ಪಾತ್ರೆಯನ್ನು ಮೊದಲು ಮುಚ್ಚಿ, ಕೊನೆಯ ಹತ್ತು ನಿಮಿಷ ಮಾತ್ರ ತೆರೆದಿಡುವುದರ ಹಿಂದೆಯೂ ಇದೇ ಲೆಕ್ಕವಿದೆ.

ಒಣ ಪಾಸ್ತಾ ತಯಾರಾಗುವುದು ಡ್ಯೂರಮ್ ಎಂಬ ಗಡಸು ಗೋಧಿಯ ರವೆಯಿಂದ. ಇಟಲಿಯಲ್ಲಿ 1967ರ ಕಾನೂನೇ ಇದನ್ನು ಕಡ್ಡಾಯಗೊಳಿಸಿತು. ಧಾರವಾಡ, ವಿಜಯಪುರದ ಕಡೆ ಶಾವಿಗೆಗೆ ಬಳಸುವ ಜವೆಗೋಧಿ ಇದರ ಹತ್ತಿರದ ಸಂಬಂಧಿ. ಗೋಧಿಯ ಪ್ರೋಟೀನಾದ ಗ್ಲುಟೆನ್ ಜಾಲ ಕಟ್ಟಿ ಪಿಷ್ಟ ಹೊರಚೆಲ್ಲದಂತೆ ತಡೆಯುತ್ತದೆಯಾದರೂ ಓವನ್‌ನಲ್ಲಿ ಪಾಸ್ತಾ ಸಾಸ್‌ನ ನೀರನ್ನು ಹೀರುತ್ತಲೇ ಇರುತ್ತದೆ. ಆದುದರಿಂದ ಪೊಟ್ಟಣದ ಮೇಲೆ ಬರೆದ ಹೊತ್ತಿಗಿಂತ ಎರಡು ಮೂರು ನಿಮಿಷ ಮೊದಲೇ, ನಡುವೆ ಬಿಳಿಯ ಚುಕ್ಕೆ ಕಾಣುವಾಗಲೇ ಬಸಿಯಬೇಕು. ಸಾಸ್ ಅಗತ್ಯಕ್ಕಿಂತ ತುಸು ತೆಳ್ಳಗಿರಬೇಕು.

ಕೆಲಸಗಳು ಹೀಗೆ ಬೇರೆ ಬೇರೆ ಪದಾರ್ಥಗಳಿಗೆ ಹಂಚಿಹೋಗಿರುವ ಕಾರಣ ಈ ಅಡುಗೆ ಒಬ್ಬರಿಗೆ ದಣಿವಿನದೂ ಮನೆಮಂದಿಗೆಲ್ಲ ಹಿತವಾದದ್ದೂ ಆಗುತ್ತದೆ. ಸಾಸ್ ಇಳಿಯಲು ಮುಕ್ಕಾಲು ಗಂಟೆ ಬೇಕು, ಗೋಡಂಬಿಯ ಸಾಸನ್ನು ತಳ ಹಿಡಿಯದಂತೆ ಬಿಡದೆ ಕೈಯಾಡಿಸಬೇಕು, ಪಾಸ್ತಾದ ಮೇಲೆ ಒಂದು ಕಣ್ಣಿರಬೇಕು. ಬ್ರೆಡ್ ಪುಡಿಗೆ ಎಣ್ಣೆ ತಿಕ್ಕುವುದನ್ನು ಮಕ್ಕಳಿಗೆ ಧಾರಾಳವಾಗಿ ಬಿಡಬಹುದು. ಚೀಸ್ ಜೊತೆಗೆ ಬರುತ್ತಿದ್ದ ಬಿ12 ಜೀವಸತ್ವವನ್ನು ಮಾತ್ರ ಈ ಯಾವ ಪದಾರ್ಥವೂ ಕೊಡಲಾರದು. ವೀಗನ್ನರು ಅದನ್ನು ಸೇರಿಸಿ ತಯಾರಿಸಿದ ಆಹಾರದಿಂದಲೋ ಮಾತ್ರೆಯಿಂದಲೋ ಪಡೆಯಬೇಕು.

ಓವನ್‌ನಿಂದ ತೆಗೆದ ಪಾಸ್ತಾವನ್ನು ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟರೆ ಬಿಸಿ ತಗ್ಗುತ್ತಾ ಸಾಸ್ ಬಿಗಿಯಾಗಿ, ಚೌಕಾಕಾರಕ್ಕೆ ಕತ್ತರಿಸಲು ಬರುತ್ತದೆ. ಫ್ರಿಜ್‌ನಲ್ಲಿಟ್ಟ ಉಳಿಕೆ ಮರುದಿನ ಇನ್ನಷ್ಟು ಗಡುಸಾಗಿರುತ್ತದೆ, ಏಕೆಂದರೆ ತಂಪಿನಲ್ಲಿ ಪಿಷ್ಟದ ಅಣುಗಳು ಮತ್ತೆ ಸಾಲುಗಟ್ಟುತ್ತವೆ. ಪಿಷ್ಟದ ಎರಡು ಘಟಕಗಳಲ್ಲಿ ಕವಲೊಡೆದ ಅಮೈಲೋಪೆಕ್ಟಿನ್ ಬಿಸಿ ಮಾಡಿದಾಗ ಸಡಿಲಗೊಂಡರೂ ನೇರ ಎಳೆಯ ಅಮೈಲೋಸ್ ಕುದಿನೀರಿನ ಶಾಖಕ್ಕೂ ಜಗ್ಗುವುದಿಲ್ಲ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದರೆ ಮೃದುತ್ವ ಬಹುಮಟ್ಟಿಗೆ ಮರಳುತ್ತದೆ, ಪೂರ್ತಿಯಾಗಿ ಅಲ್ಲ.