ಬಳೆ ಕಟ್ಟಿದ ಬಳಗ

ಹೊಸದಾಗಿ ಫೋಟೊ ಹುಚ್ಚು ಹಿಡಿದವರು ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ನಾಲ್ಕು ಜನರನ್ನು ಕೇಳುತ್ತಾರೆ: ಯಾವ ಕ್ಯಾಮೆರಾ ತಗೊಳ್ಳಲಿ? ಉತ್ತರಗಳಿಗೇನೂ ಬರವಿಲ್ಲ. ಮೆಗಾಪಿಕ್ಸೆಲ್ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್, ಎಷ್ಟು ಐಎಸ್‌ಒವರೆಗೆ ಚಿತ್ರ ಕೆಡುವುದಿಲ್ಲ ಎಂಬ ಲೆಕ್ಕಗಳೆಲ್ಲ ಒಟ್ಟಿಗೇ ಬಂದು ಬೀಳುತ್ತವೆ. ನಾಲ್ಕೈದು ವರ್ಷ ಕಳೆಯಲಿ, ಈ ಲೆಕ್ಕಗಳೆಲ್ಲ ಹಳತು. ಹಾಗೆ ಹಳತಾಗದೆ ದಶಕಗಟ್ಟಲೆ ಉಳಿಯುವ ಒಂದು ಭಾಗ ಕ್ಯಾಮೆರಾದ ಮುಖದ ಮೇಲೇ ಇದೆ. ಅದು ಲೆನ್ಸ್ ಕೂರಿಸುವ ಲೋಹದ ಬಳೆ, ಫೋಟೊ ಮಂದಿಯ ಮಾತಿನಲ್ಲಿ ಮೌಂಟ್. ಇಂದು ಕೊಂಡ ಲೆನ್ಸ್ ನಾಳೆಯ ಕ್ಯಾಮೆರಾ ಬಾಡಿಯ ಮೇಲೆ ಕೂರುತ್ತದೆಯೇ, ಒಂದು ದಿನದ ಮಟ್ಟಿಗೆ ಯಾರ ಲೆನ್ಸನ್ನು ಕೇಳಿ ಪಡೆಯಬಹುದು, ಮಾರುವಾಗ ಕೊಳ್ಳುವವರು ಯಾರು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಕ್ಯಾನನ್ ಪಂಗಡ, ನಿಕಾನ್ ಪಂಗಡ, ಸೋನಿ ಪಂಗಡ ಎಂದು ಹವ್ಯಾಸಿಗಳು ಅಂತರ್ಜಾಲದಲ್ಲಿ ಹಂಚಿಹೋಗಿರುವುದಕ್ಕೆ ಅಭಿರುಚಿಗಿಂತ, ಚಿತ್ರದ ಗುಣಮಟ್ಟಕ್ಕಿಂತ ಈ ಬಳೆಯ ಅಳತೆಯೇ ದೊಡ್ಡ ಕಾರಣ. ಹಾಗಿರುವಾಗ ಹೊಸಬರು ಕ್ಯಾಮೆರಾ ಆರಿಸುವ ಮೊದಲು ಬಳಗವನ್ನು ಆರಿಸಿಕೊಳ್ಳುವುದು ಲೇಸು ಎನ್ನುವುದಕ್ಕೆ ಕಳೆದ ನೂರು ವರ್ಷಗಳ ಇತಿಹಾಸವೇ ಸಾಕ್ಷಿ.

ಕಥೆ ಶುರುವಾಗುವುದು ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ. ಸೂಕ್ಷ್ಮದರ್ಶಕಗಳಿಗೆ ಹೆಸರಾಗಿದ್ದ ಲೈಟ್ಸ್ ಕಂಪನಿಯ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಸೇರಿಸಿ 24×36 ಮಿ.ಮೀ. ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ಒಂದನ್ನು 1914ರ ಹೊತ್ತಿಗೆ ಮಾಡಿಟ್ಟಿದ್ದರು. ಇಂದು ಫುಲ್ ಫ್ರೇಮ್ ಎಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಸೆನ್ಸರಿನ ಅಳತೆಯೂ ಅದೇ. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಹೊರಬಂದಾಗ ಲೆನ್ಸನ್ನು ಬಿಚ್ಚುವಂತಿರಲಿಲ್ಲ. 1930ರಲ್ಲಿ ಬಿಚ್ಚುವ ಸೌಕರ್ಯವೇನೋ ಬಂತು, ಆದರೆ ಮೊದಮೊದಲು ಒಂದೊಂದು ಲೆನ್ಸನ್ನೂ ಅದರದೇ ಬಾಡಿಯ ಜೊತೆ ಕಾರ್ಖಾನೆಯಲ್ಲಿ ಹೊಂದಿಸಿ ಕೊಡಬೇಕಾಗಿತ್ತು. ಪಕ್ಕದವರ ಲೆನ್ಸ್ ನಿಮ್ಮ ಲೈಕಾದ ತಿರುಪಿಗೆ ಕೂತರೂ ಫೋಕಸ್ ಸರಿಬರುವ ಖಾತರಿ ಇರಲಿಲ್ಲ. ಮರುವರ್ಷ ಕಂಪನಿ ಬಳೆಯಿಂದ ಫಿಲ್ಮಿಗೆ ಇರಬೇಕಾದ ದೂರವನ್ನು 28.8 ಮಿ.ಮೀ. ಎಂದು ಎಲ್ಲ ಬಾಡಿಗಳಿಗೂ ನಿಗದಿ ಮಾಡಿತು. ಲೆನ್ಸ್ ಕೈಯಿಂದ ಕೈಗೆ ದಾಟಬಲ್ಲ ವಸ್ತುವಾದದ್ದು ಆಗಲೇ. ಎರವಲು, ಬಾಡಿಗೆ, ಸೆಕೆಂಡ್ ಹ್ಯಾಂಡ್ ಪೇಟೆ ಎಲ್ಲಕ್ಕೂ ಬುನಾದಿ ಈ ಒಂದು ಅಳತೆ. 1932ರಲ್ಲಿ ಪ್ರತಿಸ್ಪರ್ಧಿ ಝೈಸ್ ಇಕಾನ್ ತನ್ನ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ತಿರುಪಿನ ಬದಲು ತಿರುಗಿಸಿ ಸಿಕ್ಕಿಸುವ ಬಯೋನೆಟ್ ಬಳೆ ಇಟ್ಟಿತು. ಇದರ ಲೆನ್ಸ್ ಅದಕ್ಕಾಗದು, ಅದರದು ಇದಕ್ಕಾಗದು. ಲೈಕಾದವರು, ಕಾಂಟ್ಯಾಕ್ಸ್‌ನವರು ಎಂಬ ಎರಡು ಪಕ್ಷಗಳು ಹುಟ್ಟಿದ್ದೂ ಅವರ ವಾಗ್ವಾದ ಶುರುವಾದದ್ದೂ ಅಲ್ಲಿಂದ. ಛಾಯಾಗ್ರಾಹಕ ಕಾರ್ಟಿಯೆ ಬ್ರೆಸ್ಸಾನ್ ಕೈಯಲ್ಲಿ ಲೈಕಾ ಇತ್ತು, 1944ರಲ್ಲಿ ನಾರ್ಮಂಡಿ ತೀರಕ್ಕೆ ಇಳಿದ ರಾಬರ್ಟ್ ಕಾಪಾ ಕೈಯಲ್ಲಿ ಕಾಂಟ್ಯಾಕ್ಸ್. ಇಬ್ಬರ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾವ ಬಳೆ ಮೇಲು ಎಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಕ್ಯಾನನ್ ಮತ್ತು ನಿಕಾನ್ ಅಭಿಮಾನಿಗಳು ಹಾವು ಮುಂಗುಸಿಯಂತೆ ಕಾದಾಡುವುದನ್ನು ಕಂಡವರಿಗೆ 1936ರ ಸಂಗತಿ ನಗು ತರಿಸಬಹುದು. ಆ ವರ್ಷ ಮಾರುಕಟ್ಟೆಗೆ ಬಂದ ಮೊದಲ ಕ್ಯಾನನ್ ಕ್ಯಾಮೆರಾ ಹಾನ್ಸಾ ಕ್ಯಾನನ್‌ನಲ್ಲಿ ಕೂತಿದ್ದ 50 ಮಿ.ಮೀ. ಲೆನ್ಸಿನ ಹೆಸರು ನಿಕ್ಕೋರ್. ಅದನ್ನು ಮಾಡಿಕೊಟ್ಟದ್ದು ನಿಪ್ಪಾನ್ ಕೊಗಾಕು, ಅಂದರೆ ಇಂದಿನ ನಿಕಾನ್. ಲೆನ್ಸ್ ಕೂರುವ ಬಳೆಯೂ ಅವರದೇ ತಯಾರಿಕೆ. ಯುದ್ಧಾನಂತರ ಜಪಾನಿನ ಲೆನ್ಸುಗಳು ಜಗತ್ತಿನ ಕಣ್ಣಿಗೆ ಬಿದ್ದದ್ದೂ ಬಳೆಯ ದಯೆಯಿಂದ. 1950ರಲ್ಲಿ ಟೋಕಿಯೊದಲ್ಲಿದ್ದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ನಿಕ್ಕೋರ್ ಲೆನ್ಸುಗಳನ್ನು ಪರೀಕ್ಷಿಸಿ ಬೆರಗಾಗಿ, ಅವನ್ನೇ ತೆಗೆದುಕೊಂಡು ಕೊರಿಯಾ ಯುದ್ಧಕ್ಕೆ ಹೋದರು. ಆ ಲೆನ್ಸುಗಳು ಲೈಕಾ ತಿರುಪಿಗೆ ಕೂರುವಂತೆ ತಯಾರಾಗಿದ್ದರಿಂದ ಅವರು ತಮ್ಮ ಕ್ಯಾಮೆರಾ ಬಿಟ್ಟುಕೊಡಬೇಕಾಗಿ ಬರಲಿಲ್ಲ. ನಿಪ್ಪಾನ್ ಕೊಗಾಕು ತನ್ನದೇ ಬೇರೆ ಬಳೆಯಲ್ಲಿ ಮಾತ್ರ ಲೆನ್ಸ್ ಮಾಡುತ್ತಿದ್ದರೆ ಡಂಕನ್ ಅವನ್ನು ಮೆಚ್ಚಿ ಅಲ್ಲೇ ಮೇಜಿನ ಮೇಲೆ ಇಟ್ಟು ಹೊರಟುಬಿಡುತ್ತಿದ್ದರೇನೋ. ಎಲ್ಲರಿಗೂ ಕೂರುವ ಬಳೆ ಹೊಸಬರಿಗೆ ಬಾಗಿಲು ತೆರೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. 1949ರಲ್ಲಿ ಡ್ರೆಸ್ಡೆನ್‌ನ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದೊಂದಿಗೆ ಬಂದ 42 ಮಿ.ಮೀ. ತಿರುಪಿನ ಬಳೆಯೂ ಇದನ್ನೇ ಹೇಳುತ್ತದೆ. ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಜಪಾನಿನ ಪೆಂಟ್ಯಾಕ್ಸ್, ಸೋವಿಯತ್ ದೇಶದ ಝೆನಿತ್ ಅದನ್ನು ಹಂಚಿಕೊಂಡವು. ರಾಜಕೀಯ ಗಡಿಗಳು ಗಟ್ಟಿಯಾಗುತ್ತಿದ್ದ ಕಾಲದಲ್ಲಿ ಲೆನ್ಸುಗಳಿಗೆ ಗಡಿ ಇರಲಿಲ್ಲ.

ಗಡಿ ಬಿದ್ದದ್ದು ಆಮೇಲೆ, ಎರಡು ಹಂತದಲ್ಲಿ. 1959ರಲ್ಲಿ ನಿಕಾನ್ ಎಫ್ ಬಂತು, ಅದರೊಂದಿಗೆ ನಿಕಾನಿನದೇ ಆದ ಎಫ್ ಬಳೆ. ಇತರರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಬಯೋನೆಟ್ ಮಾಡಿಕೊಂಡರು. ಎರಡನೆಯ ಪೆಟ್ಟು ಆಟೊಫೋಕಸ್‌ನದು. 1985ರಲ್ಲಿ ಮಿನೋಲ್ಟಾ 7000 ಯಶಸ್ವಿಯಾದ ಕೂಡಲೇ ಉಳಿದವರ ನಿದ್ದೆ ಕೆಟ್ಟಿತು. ಕ್ಯಾನನ್ 1987ರಲ್ಲಿ ಇಒಎಸ್ 650 ತರುವಾಗ ತನ್ನ ಹಳೆಯ ಎಫ್‌ಡಿ ಬಳೆಯನ್ನೇ ಬಿಸಾಡಿ, 54 ಮಿ.ಮೀ. ಅಗಲದ ಇಎಫ್ ಬಳೆಯನ್ನು ಇಟ್ಟಿತು. ಮೋಟರು ಲೆನ್ಸಿನೊಳಗೆ ಹೋಯಿತು, ಬಾಡಿಗೂ ಲೆನ್ಸಿಗೂ ವಿದ್ಯುತ್ ಸಂಪರ್ಕ ಬಿಟ್ಟರೆ ಬೇರೆ ಸಂಬಂಧ ಉಳಿಯಲಿಲ್ಲ. ವರ್ಷಗಟ್ಟಲೆ ಎಫ್‌ಡಿ ಲೆನ್ಸ್ ಕೂಡಿಟ್ಟವರು ಸಿಟ್ಟಾದರು, ಸಿಟ್ಟಾಗಲು ಕಾರಣವೂ ಇತ್ತು. ನಿಕಾನ್ ಹಳೆಯ ಗಿರಾಕಿಗಳ ಮುಖ ನೋಡಿ ಬಳೆ ಉಳಿಸಿಕೊಂಡು, ಬಾಡಿಯ ಮೋಟರಿನಿಂದಲೇ ಲೆನ್ಸ್ ತಿರುಗಿಸುವ ದಾರಿ ಹಿಡಿಯಿತು. ಯಾರು ಸರಿ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ತಂತ್ರಜ್ಞಾನದ ದೃಷ್ಟಿಯಿಂದ ಕ್ಯಾನನ್ ಮಾಡಿದ್ದೇ ಸರಿಯಿತ್ತು ಎಂದು ನನ್ನ ಎಣಿಕೆ, ಏಕೆಂದರೆ ನಿಕಾನ್ ಸಹ ಕೊನೆಗೆ ಲೆನ್ಸಿನೊಳಗಿನ ಮೋಟರಿಗೇ ಬಂತು. ಆದರೆ ಉಳಿಸಿಕೊಂಡ ಬಳೆಯ ಒಳಗೇ ಬಿರುಕು ಮೂಡಿತು. 2006ರ ಡಿ40ರಿಂದ ಮೊದಲುಗೊಂಡು ನಿಕಾನಿನ ಅಗ್ಗದ ಬಾಡಿಗಳಲ್ಲಿ ಮೋಟರು ಇರಲಿಲ್ಲ. ಒಳಗೆ ಮೋಟರಿಲ್ಲದ ಹಳೆಯ 50 ಮಿ.ಮೀ. ಡಿ ಲೆನ್ಸ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡು ಡಿ3100ಕ್ಕೆ ಸಿಕ್ಕಿಸಿದವರಿಗೆ ಅದು ಕೂರುತ್ತಿತ್ತು, ಫೋಟೊವನ್ನೂ ತೆಗೆಯುತ್ತಿತ್ತು, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕಿತ್ತು. ಈ ಬಗೆಯ ತಿಳಿವಳಿಕೆ ಕಂಪನಿಯ ಜಾಹೀರಾತಿನಲ್ಲಿ ಸಿಗುವಂಥದ್ದಲ್ಲ. ಅದೇ ಬಳೆಯನ್ನು ಬಳಸಿ ಬಲ್ಲವರು ಹೇಳಬೇಕು.

ಹೀಗೆ ಹೇಳುವವರ ಕೂಟಗಳು ಅಂತರ್ಜಾಲಕ್ಕಿಂತ ಬಹಳ ಹಳೆಯವು. ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಲಂಡನ್ನಿನಲ್ಲಿ ಹುಟ್ಟಿದ್ದು 1853ರಲ್ಲಿ, ಮುಂಬಯಿಯ ಸೊಸೈಟಿ ಮರುವರ್ಷ. ಭಾರತದ ಕ್ಲಬ್ಬುಗಳನ್ನೆಲ್ಲ ಒಂದು ಸೂರಿನಡಿ ತಂದ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ 1953ರಲ್ಲಿ ಆರಂಭವಾಯಿತು, ಅದನ್ನು ಕಟ್ಟಿ ಬೆಳೆಸಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಈ ಕೂಟಗಳ ಜೀವಾಳ ಸಲಾನು, ಅಂದರೆ ತೀರ್ಪುಗಾರರ ಮುಂದೆ ಪ್ರಿಂಟುಗಳು ಬರುವ ಪ್ರದರ್ಶನ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರಿಗೆ ಹೆಸರು ಬಂದದ್ದು ಚಿತ್ರಗಳಿಂದ. ಪ್ರಿಂಟಿನ ಮೇಲೆ ಮೌಂಟಿನ ಗುರುತು ಇರುವುದಿಲ್ಲ, ಆದ್ದರಿಂದ ಇಲ್ಲಿ ಪಂಗಡಗಳಿಗೆ ನೆಲೆ ಇರಲಿಲ್ಲ. ಅಂತರ್ಜಾಲ ಬಂದ ಮೇಲೆ ಜಗಲಿ ಬದಲಾಯಿತು. 1998ರ ಕೊನೆಯಲ್ಲಿ ಬ್ರಿಟನ್ನಿನ ಫಿಲ್ ಆಸ್ಕಿ ಶುರುಮಾಡಿದ ಡಿಪಿರಿವ್ಯೂ ಡಿಜಿಟಲ್ ಕ್ಯಾಮೆರಾಗಳ ಪರೀಕ್ಷೆಗೆ ಜಗತ್ತಿನ ದೊಡ್ಡ ತಾಣವಾಯಿತು. ಅಲ್ಲಿನ ಮಾತುಕತೆಯ ಕೋಣೆಗಳಿಗೆ ನಿಕಾನ್ ಝಡ್, ಕ್ಯಾನನ್ ಆರ್, ಮೈಕ್ರೊ ಫೋರ್ ಥರ್ಡ್ಸ್ ಎಂದು ಬಳೆಗಳದೇ ಹೆಸರು. ಹಕ್ಕಿ ತೆಗೆಯುವವರಿಗಿಂತ, ಗುಡಿಗೋಪುರ ತೆಗೆಯುವವರಿಗಿಂತ ಹೆಚ್ಚಾಗಿ ಒಂದೇ ಬಳೆಯವರು ಒಂದೆಡೆ ಸೇರಿದರು. 2007ರಲ್ಲಿ ಅಮೆಜಾನ್ ಅದನ್ನು ಕೊಂಡಿತು, 2023ರ ಮಾರ್ಚಿನಲ್ಲಿ ಮುಚ್ಚುತ್ತೇವೆಂದು ಸಾರಿತು. ಕಾಲು ಶತಮಾನದ ಅನುಭವ ಒಮ್ಮೆಲೇ ಅಳಿಸಿಹೋಗುತ್ತದೆಂದು ಹವ್ಯಾಸಿಗಳು ಕಂಗೆಟ್ಟರು, ಪುಟಗಳನ್ನು ಉಳಿಸಿಡಲು ಓಡಾಡಿದರು. ಜೂನ್‌ನಲ್ಲಿ ಗಿಯರ್ ಪ್ಯಾಟ್ರೋಲ್ ಕಂಪನಿ ಕೊಂಡದ್ದರಿಂದ ಅದು ಬದುಕಿತು.

ಇಷ್ಟಕ್ಕೂ ಬಳೆಗೆ ಇಷ್ಟೊಂದು ಮಹತ್ವ ಕೊಡಬೇಕೇ, ಚಿತ್ರ ಮೂಡುವುದು ಸೆನ್ಸರಿನಲ್ಲಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಸೆನ್ಸರಿನ ವಿಷಯದಲ್ಲಿ ಪಂಗಡಗಳ ಗೋಡೆ ತೆಳು. ನಿಕಾನಿನ ಎಷ್ಟೋ ಕ್ಯಾಮೆರಾಗಳ ಸೆನ್ಸರು ತಯಾರಾದದ್ದು ಸೋನಿಯ ಕಾರ್ಖಾನೆಯಲ್ಲಿ. ಒಂದೇ ಕಾಲದ, ಒಂದೇ ಅಳತೆಯ ಸೆನ್ಸರುಗಳ ನಡುವಿನ ವ್ಯತ್ಯಾಸವನ್ನು ಗೋಡೆಗೆ ತೂಗುಹಾಕಿದ ಪ್ರಿಂಟಿನಲ್ಲಿ ಗುರುತಿಸುವವರು ಕಡಿಮೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ, ಬಂದ ಮೇಲೆ ಬಳೆಯ ಕಟ್ಟು ಸಡಿಲವಾಗಿದೆ, ಅಡಾಪ್ಟರ್ ಹಾಕಿದರೆ ಯಾವ ಲೆನ್ಸಾದರೂ ಕೂರುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ನಿಕಾನ್ ಎಫ್‌ನಲ್ಲಿ ಬಳೆಯಿಂದ ಸೆನ್ಸರಿಗೆ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44. ನಡುವಿನ ಕನ್ನಡಿ ಹೋದ ಮೇಲೆ ಸೋನಿ ಇ ಬಳೆಯಲ್ಲಿ ಅದು 18ಕ್ಕೆ, ಕ್ಯಾನನ್ ಆರ್‌ಎಫ್‌ನಲ್ಲಿ 20ಕ್ಕೆ, ನಿಕಾನ್ ಝಡ್‌ನಲ್ಲಿ 16ಕ್ಕೆ ಇಳಿಯಿತು. ಉಳಿದ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಆದರೆ ದೂರ ಹೊಂದಿದ ಮಾತ್ರಕ್ಕೆ ಲೆನ್ಸೂ ಬಾಡಿಯೂ ಒಂದನ್ನೊಂದು ಅರ್ಥಮಾಡಿಕೊಳ್ಳುವುದಿಲ್ಲ. ಇಎಫ್ ಲೆನ್ಸುಗಳು ಕ್ಯಾನನಿನದೇ ಅಡಾಪ್ಟರಿನಲ್ಲಿ ಆರ್‌ಎಫ್ ಬಾಡಿಗಳ ಮೇಲೆ ಚೆನ್ನಾಗಿ ನಡೆಯುತ್ತವೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟರಿಲ್ಲದ್ದರಿಂದ ಮೇಲೆ ಹೇಳಿದ ಡಿ ಲೆನ್ಸುಗಳ ಆಟೊಫೋಕಸ್ ಅಲ್ಲೂ ಸತ್ತೇಹೋಗುತ್ತದೆ. ಹಳೆಯ ಸಾಲ ಹೊಸ ಬಳೆಗೂ ಬರುತ್ತದೆ.

ಹೊಸ ಬಳೆಗಳ ಕಾಲದಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಬಳೆಯ ಒಡೆಯರು ಪರರಿಗೆ ಬಾಗಿಲು ತೆರೆಯುತ್ತಾರೆಯೇ? 2011ರಲ್ಲಿ ಸೋನಿ ತನ್ನ ಇ ಬಳೆಯ ಮೂಲ ವಿವರಗಳನ್ನು ಇತರ ತಯಾರಕರಿಗೆ ಪುಕ್ಕಟೆ ಕೊಡಲು ಮುಂದಾಯಿತು. ಸಿಗ್ಮಾ, ಟ್ಯಾಮ್ರಾನ್‌ಗಳ ಒಳ್ಳೆಯ, ಕೈಗೆಟಕುವ ಲೆನ್ಸುಗಳು ಆ ಬಳೆಗೆ ಸಾಲುಗಟ್ಟಿ ಬಂದವು. ಕ್ಯಾನನ್ ಆರ್‌ಎಫ್ ಬಾಗಿಲನ್ನು ಬಿಗಿಯಾಗಿ ಹಿಡಿಯಿತು, 2022ರಲ್ಲಿ ಅದರ ಕೋರಿಕೆಯ ಮೇರೆಗೆ ವಿಲ್ಟ್ರಾಕ್ಸ್ ಕಂಪನಿ ಆರ್‌ಎಫ್ ಲೆನ್ಸುಗಳ ಮಾರಾಟ ನಿಲ್ಲಿಸಿತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಸಣ್ಣ ಸೆನ್ಸರಿನ ಲೆನ್ಸುಗಳ ಮಟ್ಟಿಗೆ ಅನುಮತಿ ಸಿಕ್ಕಿತು. ಕ್ಯಾನನ್ ಬಾಡಿಗಳ ಗುಣದ ಬಗ್ಗೆ ತಕರಾರಿಲ್ಲ, ಆದರೆ ಜೇಬು ನೋಡಿಕೊಂಡು ಹೆಜ್ಜೆ ಇಡುವ ಹವ್ಯಾಸಿಗೆ ಈ ಬಿಗಿ ಬಾಗಿಲು ಮೆಗಾಪಿಕ್ಸೆಲ್ಲಿಗಿಂತ ಮುಖ್ಯವಾದ ಸುದ್ದಿ. ಇನ್ನು, ಮೊಬೈಲಿಗೆ ಬಳೆಯೇ ಇಲ್ಲವಲ್ಲ ಎನ್ನುವವರಿಗೆ: ಹೌದು, ಹೆಚ್ಚಿನವರಿಗೆ ಅದೇ ಸಾಕು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಆ ಉಳಿದದ್ದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಲೆನ್ಸ್ ಬದಲಿಸುವ ಕ್ಯಾಮೆರಾಗಳದು. ಮೊಬೈಲ್ ನುಂಗಿದ್ದು ಹೆಚ್ಚಾಗಿ ಬಳೆಯಿಲ್ಲದ ಪುಟ್ಟ ಕ್ಯಾಮೆರಾಗಳನ್ನು.

ಬಳಗದ ಸಲಹೆಯನ್ನು ನಂಬಬಹುದೇ ಎಂಬುದೇ ನಿಜವಾದ ತೊಡಕು. ಲಕ್ಷ ಸುರಿದವರು ತಮ್ಮ ಆಯ್ಕೆಯನ್ನು ಹೊಗಳದೆ ಇರುವುದು ಅಪರೂಪ. ಒಂದೇ ಬಳೆಯವರು ಸೇರಿದ ಕಡೆ ಚಿತ್ರಗಳ ಮಾತು ಹಿಂದೆ ಸರಿದು, ಮುಂದಿನ ಬಾಡಿ ಯಾವಾಗ ಬರುತ್ತದೆ ಎಂಬ ಗುಸುಗುಸು ಮುಂದೆ ಬರುತ್ತದೆ. ಅದಕ್ಕೇ ಬಳೆಯ ಹೆಸರಿನ ಬಳಗಕ್ಕಿಂತ ವಿಷಯದ, ಊರಿನ ಬಳಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಕ್ಕಿಯೋ, ಕೀಟವೋ, ಹಳೆಯ ದೇವಸ್ಥಾನಗಳೋ, ಬೀದಿಯೋ ಎಂದು ಮೊದಲು ಗೊತ್ತುಮಾಡಿಕೊಂಡು ಅದನ್ನೇ ತೆಗೆಯುವವರ ನಡುವೆ ಕೆಲವು ತಿಂಗಳು ಇದ್ದರೆ ಅಲ್ಲಿ ಯಾವ ಬಳೆಯ ಲೆನ್ಸು ಓಡಾಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಬೀದಿ ಚಿತ್ರಕ್ಕೆ ಒಂದು ಪುಟ್ಟ ಲೆನ್ಸ್ ಸಾಕು, ಅಲ್ಲಿ ಬಳೆಯ ಚಿಂತೆ ಅಷ್ಟಾಗಿ ಬೇಡ. ರಂಗನತಿಟ್ಟು, ಕಬಿನಿ, ನಾಗರಹೊಳೆಗಳಿರುವ ನಮ್ಮ ನಾಡಿನಲ್ಲಿ ಹೊಸಬರನ್ನು ಹೆಚ್ಚಾಗಿ ಸೆಳೆಯುವುದು ಹಕ್ಕಿ ಮತ್ತು ಕಾಡುಪ್ರಾಣಿ. ಖರ್ಚಿನ ಬಹುಪಾಲು ಉದ್ದದ ಟೆಲಿ ಲೆನ್ಸಿಗೆ ಹೋಗುವುದೂ ಅಲ್ಲೇ. ಟ್ಯಾಮ್ರಾನ್ ಮತ್ತು ಸಿಗ್ಮಾಗಳ 150-600, 2015ರಲ್ಲಿ ಎಫ್ ಬಳೆಗೆಂದೇ ಬಂದ ನಿಕಾನಿನ 200-500, 2019ರ ಸೋನಿ 200-600, ಇವುಗಳಲ್ಲಿ ಯಾವುದನ್ನು ವಾರಾಂತ್ಯಕ್ಕೆ ಬಾಡಿಗೆಗೋ ಎರವಲಿಗೋ ಪಡೆಯಬಹುದು ಎಂಬುದು ನಿಮ್ಮ ಕ್ಯಾಮೆರಾದ ಬಳೆಯ ಮೇಲೆ ನಿಂತಿದೆ.

ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಹೊಸ ಬಳೆ ತಂದ ಮೇಲೆ ಅನೇಕರು ಹಳೆಯದನ್ನು ಮಾರಿ ಅತ್ತ ಹೋಗುತ್ತಿದ್ದಾರೆ. ಹಾಗಾಗಿ ಎಫ್ ಮತ್ತು ಇಎಫ್ ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಧಾರಾಳವಾಗಿವೆ. ಕೈ ಬಿಗಿ ಇರುವ ಹೊಸಬರಿಗೆ ಇದಕ್ಕಿಂತ ಅನುಕೂಲದ ಕಾಲ ಹಿಂದೆ ಬಂದಿರಲಿಕ್ಕಿಲ್ಲ. ಕಂಪನಿಗಳು ಕೈಬಿಡುತ್ತಿರುವ ಬಳೆಯನ್ನು ಈಗ ಕೊಳ್ಳುವುದು ದಡ್ಡತನವಲ್ಲವೇ ಎಂದು ಕೇಳಬಹುದು. ಇಎಫ್ ಆದರೆ ಚಿಂತೆ ಕಡಿಮೆ, ನಾಳೆ ಆರ್‌ಎಫ್ ಬಾಡಿ ಕೊಂಡರೂ ಅಡಾಪ್ಟರಿನಲ್ಲಿ ನಡೆಯುತ್ತದೆ. ಎಫ್ ಆದರೆ ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಎಂದಿದೆಯೇ ಎಂದು ಮೊದಲು ನೋಡಬೇಕು, ಅಂದರೆ ಮೋಟರು ಒಳಗೇ ಇದೆ ಎಂದರ್ಥ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಗಳನ್ನು ಕಳೆದ ಲೆನ್ಸಾದರೆ ಹಿಂದಿನಿಂದ ಟಾರ್ಚು ಬಿಟ್ಟು ಗಾಜಿನೊಳಗೆ ಫಂಗಸ್ಸಿನ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಸಾಧ್ಯವಾದರೆ ಅದೇ ಲೆನ್ಸ್ ಬಳಸಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಹಣ ಕೊಡುವ ಮುಂಚೆ.